ಪಶ್ಚಿಮ ದೇಶಗಳಲ್ಲಿ ಥೇರವಾದ

ಅಶೋಕ ಚಕ್ರವರ್ತಿಯು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಅಂತಿಯೋಕನೇ ಮೊದಲಾದ ಐವರು ಯವನರಾಜರನ್ನು ಹೆಸರಿಸಿ, ಅವರ ನಾಡುಗಳವರೆಗೂ ತನ್ನ ಧರ್ಮವಿಜಯವು ಹಬ್ಬಿತೆಂದು ಹೇಳಿಕೊಂಡಿದ್ದಾನೆ. ಸಿಂಹಳದ ಮಹಾವಂಸವೆಂಬ ಪಾಳಿಗ್ರಂಥವು ಅದೇ ಕಾಲದಲ್ಲಿ ಮೊಗ್ಗಲಿಪುತ್ತ ತಿಸ್ಸ ಥೇರನು ದಿಕ್ಕುದಿಕ್ಕಿಗೆ ಕಳುಹಿಸಿದ ಭಿಕ್ಷುಗಳ ಹೆಸರುಗಳನ್ನು ಕೊಡುತ್ತದೆ. ಆ ಪಟ್ಟಿಯಂತೆ ಮಹಿಂದನು ಸಿಂಹಳಕ್ಕೂ, ಮಹಾದೇವನು ಮಹಿಷಮಂಡಲಕ್ಕೂ, ರಕ್ಖಿತನು ವನವಾಸಕ್ಕೂ, ಮಹಾರಕ್ಖಿತನು ಯವನರ ನಾಡಿಗೂ ಹೋದರು. ವನವಾಸವೆಂದರೆ ಬನವಾಸಿಯ ಪ್ರಾಂತವೆಂದೂ, ಮಹಿಷಮಂಡಲವೆಂದರೆ ಮೈಸೂರು ಸೀಮೆಯೆಂದೂ ಹಲವು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಕನ್ನಡ ನಾಡಿಗೂ ಯವನರ ನಾಡಿಗೂ ಬುದ್ಧವಚನವು ಒಂದೇ ಕಾಲದಲ್ಲಿ ಹೊರಟಿತೆನ್ನಬೇಕು. ಆದರೆ ಮಹಾರಕ್ಖಿತನು ಕಂಡ ಯವನರು ಭರತಖಂಡದ ವಾಯವ್ಯದ ಅಂಚಿನಲ್ಲಿ ನೆಲಸಿದ್ದ ಗ್ರೀಕರಾಗಿರಬೇಕು. ಯುರೋಪಖಂಡದಲ್ಲಿ ಆ ಧರ್ಮವು ಅಂದು ಬೇರೂರಿತೆಂಬುದಕ್ಕೆ ಸಾಕ್ಷ್ಯವೇನೂ ದೊರೆತಿಲ್ಲ. ಅಲ್ಲಿ ಅದು ನೆಲೆಗೊಳ್ಳಲು ತೊಡಗಿದುದು ಅನಂತರ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹೋದ ಬಗೆಯೂ ಬೇರೆ.

ಸಿಂಹಳ, ಬ್ರಹ್ಮದೇಶ, ಸಯಾಮು ಮೊದಲಾದ ದೇಶಗಳಲ್ಲಿ ಉಳಿದು ಬಂದ ಬೌದ್ಧ ಸಂಪ್ರದಾಯಕ್ಕೆ ಥೇರವಾದವೆಂದು ಹೆಸರು. ಇದಕ್ಕೆ ಆಧಾರಸ್ತಂಭಗಳು ಎರಡು. ಒಂದು, ಪಾಳಿಭಾಷೆಯ ತ್ರಿಪಿಟಕ. ಮತ್ತೊಂದು, ಆ ಪಿಟಕದ ವಿನಯನಿಯಮಗಳನ್ನು ಅನುಸರಿಸಿ ಬಾಳುವ ಭಿಕ್ಷುಸಂಘ. ಹಿಂದೆ ಈ ಧರ್ಮವು ಯಾವ ದೇಶಕ್ಕೆ ಹೋದರೂ ಭಿಕ್ಷುವು ಮುಂದೆ ನಡೆದನು. ಗ್ರಂಥವು ಅವನ ನಾಲಗೆಯ ಮೇಲೆ ನಡೆಯಿತು. ಪಶ್ಚಿಮದಲ್ಲಿ ಈ ಕ್ರಮವು ತಲೆಕೆಳಗಾಯಿತು. ಗ್ರಂಥವು ಮೊದಲು ಹೋಗಿ ಅಲ್ಲಿಯ ಪುಸ್ತಕಭಂಡಾರಗಳಲ್ಲಿ ಸುಖವಾಗಿ ನೆಲೆಸಿತು. ಸಂಘವಾದರೋ ಬಾಗಿಲಿನಲ್ಲಿಯೇ ನಿಂತು, ಮುಕ್ಕಾಲು ಶತಮಾನದಷ್ಟು ಕಾಲ ಕಾಯಬೇಕಾಯಿತು. ಈ ಭೇದಕ್ಕೆ ಕಾರಣವೇನೆಂಬುದು ಧರ್ಮಚರಿತ್ರೆಯಲ್ಲಿ ಆಸಕ್ತಿಯುಳ್ಳವರೆಲ್ಲರೂ ವಿಚಾರಿಸತಕ್ಕ ವಿಷಯ.

ಗ್ರಂಥದ ಯಾತ್ರೆಯನ್ನು ಮೊದಲು ನೋಡಬಹುದು. ಡೆನ್ಮಾರ್ಕಿನ ಭಾಷಾಪಂಡಿತ ರಾಸ್ಕನು 1820ರ ದಶಕದಲ್ಲಿ ಸಿಂಹಳದಿಂದ ತಾಳೆಯೋಲೆಯ ಪಾಳಿಗ್ರಂಥಗಳನ್ನು ಕೋಪನ್‌ಹೇಗನ್ನಿಗೆ ಕೊಂಡೊಯ್ದನು. 1826ರಲ್ಲಿ ಪ್ಯಾರಿಸಿನಲ್ಲಿ ಬುರ್ನೂಫ್ ಮತ್ತು ಲಾಸ್ಸೆನ್ ಎಂಬ ವಿದ್ವಾಂಸರು ಪಾಳಿಭಾಷೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಿಂಹಳದ ಸರ್ಕಾರಿ ನೌಕರಿಯಲ್ಲಿದ್ದ ಟರ್ನರನು 1837ರಲ್ಲಿ ಮಹಾವಂಸದ ಭಾಗವನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದನು. 1855ರಲ್ಲಿ ಫೌಸ್‌ಬೋಲನು ಧಮ್ಮಪದವನ್ನು ಲ್ಯಾಟಿನ್ ಅನುವಾದದೊಡನೆ ಹೊರತಂದನು. ಚಿಲ್ಡರ್ಸನ ಪಾಳಿ ನಿಘಂಟು 1875ರಲ್ಲಿ ಮುಗಿಯಿತು. ಇಷ್ಟು ಸಾಮಗ್ರಿ ಸಿದ್ಧವಾದ ಮೇಲೆ ಅದನ್ನೆಲ್ಲ ಒಂದು ವ್ಯವಸ್ಥೆಗೆ ತಂದವರು ರೀಸ್ ಡೇವಿಡ್ಸರು.

ಇವರು ಸಿಂಹಳದಲ್ಲಿ ಸರ್ಕಾರದ ಅಧಿಕಾರಿಯಾಗಿದ್ದಾಗ ಯಾತ್ರಾಮುಲ್ಲೆ ಎಂಬ ವೃದ್ಧಭಿಕ್ಷುವಿನ ಬಳಿ ಪಾಳಿಯನ್ನು ಕಲಿತರು. ಮುಂದೆ ಮೇಲಧಿಕಾರಿಗಳೊಡನೆ ವಿರಸವುಂಟಾಗಿ ನೌಕರಿಯು ಹೋಯಿತು. ಗುರುವಿನಿಂದ ಪಡೆದ ವಿದ್ಯೆಯು ಮಾತ್ರ ಉಳಿಯಿತು. 1881ರಲ್ಲಿ ಅವರು ಲಂಡನ್ನಿನಲ್ಲಿ ಪಾಳಿಗ್ರಂಥ ಪ್ರಕಾಶನಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ವರ್ಷಗಳ ಚಂದಾದಾರರ ಪಟ್ಟಿಯಲ್ಲಿ ಸಿಂಹಳದ ಅನೇಕ ಭಿಕ್ಷುಗಳ ಹೆಸರುಗಳಿದ್ದವೆಂಬುದು ಗಮನಿಸತಕ್ಕ ಸಂಗತಿ. ತಮ್ಮ ಓಲೆಯ ಕಟ್ಟುಗಳು ರೋಮನ್ ಲಿಪಿಯಲ್ಲಿ ಅಚ್ಚಾಗಿ ಬರುವುದನ್ನು ಅವರು ಬಯಸಿ ಬೆಂಬಲಿಸಿದರು. ರೀಸ್ ಡೇವಿಡ್ಸರು 1922ರಲ್ಲಿ ಕಾಲವಾಗುವ ವೇಳೆಗೆ ತ್ರಿಪಿಟಕದ ಬಹುಭಾಗವು ಅಚ್ಚಾಗಿದ್ದಿತು. ಆಮೇಲೆ ಆ ಕಾರ್ಯವನ್ನು ಅವರ ಪತ್ನಿ ಕ್ಯಾರೊಲೈನ್ ಅವರು 1942ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಇತ್ತ ಸಯಾಮಿನ ಅರಸ ಚುಲಾಲಂಕರಣನು ತ್ರಿಪಿಟಕವನ್ನು 39 ಸಂಪುಟಗಳಲ್ಲಿ ಮುದ್ರಿಸಿ, ಪಶ್ಚಿಮದ ಪುಸ್ತಕಭಂಡಾರಗಳಿಗೆ ಕಾಣಿಕೆಯಾಗಿ ಕಳುಹಿಸಿಕೊಟ್ಟನು. ಪಂಡಿತರ ಗ್ರಂಥಗಳನ್ನು ಮುಟ್ಟದ ಸಾಮಾನ್ಯ ವಾಚಕರಿಗೆ 1879ರಲ್ಲಿ ಪ್ರಕಟವಾದ ಎಡ್ವಿನ್ ಆರ್ನಲ್ಡನ ಏಷ್ಯಾಜ್ಯೋತಿ ಎಂಬ ಕಾವ್ಯವು ಬುದ್ಧನ ಚರಿತೆಯನ್ನು ಮನೆಮನೆಗೆ ಮುಟ್ಟಿಸಿತು.

ಹೀಗೆ ಓದಿದವರಲ್ಲಿ ಕೆಲವರಿಗೆ ಓದು ಮಾತ್ರ ಸಾಲದಾಯಿತು. ಕರ್ನಲ್ ಆಲ್ಕಾಟರೂ ಮೇಡಮ್ ಬ್ಲವಾಟ್ಸ್ಕಿಯವರೂ 1880ರ ಮೇ ತಿಂಗಳಿನಲ್ಲಿ ಸಿಂಹಳದ ಗಾಲೆಯಲ್ಲಿ ಪಂಚಶೀಲವನ್ನು ಸ್ವೀಕರಿಸಿದರು. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ವೇದಿಕೆಯ ಮೇಲೆಯೇ ಸಿಂಹಳದ ಅನಾಗಾರಿಕ ಧರ್ಮಪಾಲರೂ ಮಾತನಾಡಿದರು. ಆ ಬಳಿಕ ಅದೇ ನಗರದಲ್ಲಿ ಸ್ಟ್ರೌಸ್ ಎಂಬ ಅಮೆರಿಕನ್ ಗೃಹಸ್ಥರು ಅವರಿಂದ ಪಂಚಶೀಲವನ್ನು ಪಡೆದರು. ಆದರೆ ಇವರೆಲ್ಲರೂ ಉಪಾಸಕರು. ಉಪಾಸಕನಾಗಲು ಒಂದು ಸಂಕಲ್ಪವೂ ಅದನ್ನು ಕೇಳುವ ಒಬ್ಬ ಸಾಕ್ಷಿಯೂ ಇದ್ದರೆ ಸಾಕು. ಭಿಕ್ಷುವಾಗಿ ಬಾಳಲು ಊರೇ ಬೇಕಾಗುತ್ತದೆ.

ಏಕೆಂದರೆ ಭಿಕ್ಷುವಿನ ಬಾಳನ್ನು ವಿನಯಪಿಟಕವು ಬೇಕೆಂದೇ ಪರಾಧೀನವಾಗಿ ರಚಿಸಿದೆ. ಅವನು ಅಡಿಗೆ ಮಾಡಿಕೊಳ್ಳಲಾಗದು, ಆಹಾರವನ್ನು ನಾಳೆಗೆಂದು ಕೂಡಿಡಲಾಗದು, ಹಣವನ್ನು ಸ್ವೀಕರಿಸಲಾಗದು, ನೆಲವನ್ನು ಅಗೆದು ಬೆಳೆ ತೆಗೆಯಲಾಗದು. ಇನ್ನೊಬ್ಬರು ಕೈಯಾರೆ ಕೊಟ್ಟುದನ್ನು ಮಾತ್ರ ಅವನು ನಡುಹಗಲಿನೊಳಗೆ ಉಣ್ಣಬಹುದು. ಬೇಕೆಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಪಾತ್ರೆಯನ್ನು ಹಿಡಿದು ಮೌನವಾಗಿ ನಿಂತು, ಕೊಟ್ಟರೆ ತೆಗೆದುಕೊಂಡು, ಕೊಡದಿದ್ದರೆ ಮುಂದೆ ಸಾಗಬೇಕು. ಗೃಹಸ್ಥರನ್ನು ಬಿಟ್ಟು ಭಿಕ್ಷುವು ಒಂದು ದಿನವೂ ಇರಕೂಡದೆಂಬುದೇ ಈ ನಿಯಮಗಳ ಇಂಗಿತ. ಅವರು ಅನ್ನವನ್ನು ಕೊಡುವರು. ಅವನು ಧರ್ಮವನ್ನು ಹೇಳುವನು. ಮಧುಕರವೃತ್ತಿಯನ್ನು ಬಲ್ಲ ಈ ದೇಶದ ಮನೆಗಳಲ್ಲಿ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಇಂಗ್ಲೆಂಡಿನಲ್ಲಿ 1824ರ ಶಾಸನದಂತೆ ಬೀದಿಯಲ್ಲಿ ಭಿಕ್ಷೆ ಬೇಡುವುದು ದಂಡನೆಗೆ ಗುರಿಯಾಗುವ ಅಪರಾಧವಾಗಿದ್ದಿತು. ಗ್ರಂಥವನ್ನು ಕೊಂಡು ತರಬಹುದು. ಕೊಡುವ ಕೈಯನ್ನು ಕೊಂಡು ತರಲಾಗದು.

ದೂರದೇಶದ ಕಷ್ಟಗಳನ್ನು ಬುದ್ಧನೂ ಅರಿಯದವನಲ್ಲ. ಅವಂತಿಯಲ್ಲಿ ಸೋಣನೆಂಬವನಿಗೆ ಉಪಸಂಪದೆಯನ್ನು ಕೊಡಬೇಕಾದಾಗ, ವಿಧಿಗೆ ಬೇಕಾದ ಹತ್ತುಮಂದಿ ಭಿಕ್ಷುಗಳನ್ನು ಕೂಡಿಸಲು ಗುರುವಾದ ಮಹಾಕಚ್ಚಾನನಿಗೆ ಮೂರು ವರ್ಷಗಳು ಹಿಡಿದವೆಂದು ವಿನಯದ ಮಹಾವಗ್ಗವು ಹೇಳುತ್ತದೆ. ಆ ಸಂಗತಿಯನ್ನು ಸೋಣನ ಬಾಯಿಂದ ಕೇಳಿದ ಬುದ್ಧನು, ಗಡಿನಾಡುಗಳಲ್ಲಿ ಐದು ಮಂದಿಯ ಗಣವೇ ಸಾಕೆಂದೂ, ಒರಟು ನೆಲಕ್ಕೆ ತಕ್ಕಂತೆ ದಪ್ಪ ಅಟ್ಟೆಯ ಪಾದರಕ್ಷೆಗಳನ್ನು ಮೆಟ್ಟಬಹುದೆಂದೂ, ಅಲ್ಲಿಯ ರೂಢಿಯಂತೆ ತೊಗಲಿನ ಹಾಸುಗಳನ್ನು ಬಳಸಬಹುದೆಂದೂ ಅನುಮತಿಯಿತ್ತನು. ನೆಲಕ್ಕೂ ಹವೆಗೂ ತಕ್ಕ ಸಡಿಲಿಕೆಯು ದೊರೆಯಿತು. ಭಿಕ್ಷಾವೃತ್ತಿಗೆ ಮಾತ್ರ ಸಡಿಲಿಕೆಯಿಲ್ಲ. ಪಶ್ಚಿಮದ ಕಥೆಯೆಲ್ಲವೂ ಈ ಎರಡರ ನಡುವೆ ನಡೆಯಿತು.

ಲಂಡನ್ನಿನಲ್ಲಿ 1872ರಲ್ಲಿ ಹುಟ್ಟಿದ ಅಲನ್ ಬೆನೆಟ್ಟರು ರಸಾಯನಶಾಸ್ತ್ರವನ್ನು ಬಲ್ಲವರು. ಎಳೆತನದಿಂದಲೂ ಉಬ್ಬಸರೋಗದಿಂದ ನರಳಿದವರು. ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ ಆರ್ನಲ್ಡನ ಕಾವ್ಯವನ್ನು ಓದಿದ್ದು ಅವರ ಬಾಳನ್ನು ತಿರುಗಿಸಿತು. ಅವರು ಸಿಂಹಳಕ್ಕೆ ಬಂದು, ಅಲ್ಲಿಂದ ಬ್ರಹ್ಮದೇಶಕ್ಕೆ ಹೋಗಿ, ಅರಕಾನಿನ ಅಕ್ಯಾಬಿನಲ್ಲಿ 1901ರ ಡಿಸೆಂಬರಿನಲ್ಲಿ ಶ್ರಾಮಣೇರರಾಗಿ, 1902ರ ಮೇ ತಿಂಗಳಿನಲ್ಲಿ ಭಿಕ್ಷುವಾದರು. ಆನಂದ ಮೆತ್ತೇಯ್ಯ ಎಂಬುದು ಅವರ ದೀಕ್ಷಾನಾಮ. 1903ರಲ್ಲಿ ಅವರು ರಂಗೂನಿನಲ್ಲಿ ಅಂತರರಾಷ್ಟ್ರೀಯ ಬೌದ್ಧಸಂಸ್ಥೆಯನ್ನು ಕಟ್ಟಿ, ಒಂದು ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿ, ಅದನ್ನು ಯುರೋಪಿನ ನೂರಾರು ಪುಸ್ತಕಭಂಡಾರಗಳಿಗೆ ಉಚಿತವಾಗಿ ಕಳುಹಿಸಿದರು. ಅವರನ್ನು ಬರಮಾಡಿಕೊಳ್ಳಲೆಂದೇ ಲಂಡನ್ನಿನಲ್ಲಿ 1907ರಲ್ಲಿ ಒಂದು ಬೌದ್ಧಸಮಾಜವು ಹುಟ್ಟಿತು. ರೀಸ್ ಡೇವಿಡ್ಸರೇ ಅದರ ಅಧ್ಯಕ್ಷರಾದರು.

1908ರ ಏಪ್ರಿಲ್ 23ರಂದು ಆನಂದ ಮೆತ್ತೇಯ್ಯರು ಭಿಕ್ಷುವೇಷದಲ್ಲಿ ಹುಟ್ಟಿದೂರಿಗೆ ಹಿಂದಿರುಗಿದರು. ಪಶ್ಚಿಮದಲ್ಲಿ ಸಂಘವನ್ನು ಸ್ಥಾಪಿಸಬೇಕೆಂಬುದು ಅವರ ಹಂಬಲ. ಪತ್ರಿಕೆಯ ವೆಚ್ಚವನ್ನು ವಹಿಸಿದ್ದ ಶ್ರೀಮತಿ ಹ್ಲಾ ಔಂಗ್ ಎಂಬ ಬರ್ಮೀಯ ಮಹಿಳೆಯು ಕುಟುಂಬದವರೊಡನೆ ಅವರ ಜೊತೆಯಲ್ಲಿಯೇ ಹಡಗಿನಲ್ಲಿ ಬಂದಿದ್ದರು. ಲಂಡನ್ನಿನಲ್ಲಿ ಹೆಜ್ಜೆಹೆಜ್ಜೆಗೂ ಕಷ್ಟ. ಕಾಷಾಯವನ್ನು ಉಟ್ಟು ಬೀದಿಗಿಳಿದರೆ ಜನರು ಗುಂಪುಗೂಡಿ ನೋಡುತ್ತಿದ್ದರು. ಪ್ರಾಣಿಗಳು ಎಳೆಯುವ ವಾಹನವನ್ನು ವಿನಯವು ಒಪ್ಪದುದರಿಂದ ಕುದುರೆಯ ಬಾಡಿಗೆಗಾಡಿಯಲ್ಲಿ ಕೂಡಲಾಗದು, ಹೆಂಗಸರಿರುವ ಮನೆಯ ಸೂರಿನಡಿಯಲ್ಲಿ ಮಲಗಲಾಗದು, ಜೇಬಿನಲ್ಲಿ ಕಾಸನ್ನಿಟ್ಟುಕೊಳ್ಳಲಾಗದು, ನಡುಹಗಲು ಕಳೆದ ಮೇಲೆ ಯಾರ ಮನೆಯ ಔತಣವೂ ಸಲ್ಲದು. ಅವರನ್ನು ಸಮೀಪದಿಂದ ಕಂಡವರೆಲ್ಲರೂ ಆ ಶಾಂತಮುಖಕ್ಕೆ ಮನಸೋತರು. ಆದರೆ ಸಭೆಯಲ್ಲಿ ಅವರು ಬರೆದು ತಂದುದನ್ನು ತಲೆಯೆತ್ತದೆ ಓದಿಬಿಡುತ್ತಿದ್ದರು. ಅದರಿಂದ ಮಾತು ಹೃದಯವನ್ನು ಮುಟ್ಟುತ್ತಿರಲಿಲ್ಲ. ಅಕ್ಟೋಬರ್ 2ರಂದು ಅವರು ಮರಳಿ ಹಡಗನ್ನೇರಿದರು. ದಾನ ಮಾಡುವವರೂ ಭಿಕ್ಷುವಿನ ಜೊತೆಯಲ್ಲಿಯೇ ಬಂದು, ಜೊತೆಯಲ್ಲಿಯೇ ಹೊರಟುಹೋದ ಯಾತ್ರೆ ಅದು. ಮುಂದೆ ರೋಗವು ಹೆಚ್ಚಿ ಅವರು 1914ರಲ್ಲಿ ಚೀವರವನ್ನು ಬಿಡಬೇಕಾಯಿತು. ಇಂಗ್ಲೆಂಡಿನಲ್ಲಿ ಬಡತನದಲ್ಲಿ ಬಾಳಿ, ಕೊನೆಯ ಪುಸ್ತಕವು ಪ್ರಕಟವಾದ 1923ರಲ್ಲಿಯೇ ಕಣ್ಣುಮುಚ್ಚಿದರು. ಆಗ ಅವರಿಗೆ ಐವತ್ತು ವರ್ಷ.

ಜರ್ಮನಿಯ ಕಥೆಯೂ ಇದನ್ನೇ ಹೋಲುತ್ತದೆ. ವೀಸ್‌ಬಾಡೆನ್ನಿನಲ್ಲಿ 1878ರಲ್ಲಿ ಹುಟ್ಟಿದ ಆಂಟನ್ ಗ್ಯೂಟ್ ಎಂಬ ಪಿಟೀಲುವಾದಕರು 1904ರಲ್ಲಿ ರಂಗೂನಿನಲ್ಲಿ ಞಾಣತಿಲೋಕ ಎಂಬ ಹೆಸರಿನಿಂದ ಭಿಕ್ಷುವಾದರು. ಯುರೋಪಿನಲ್ಲಿ ವಿಹಾರವನ್ನು ಸ್ಥಾಪಿಸಬೇಕೆಂದು ಅವರು ಸ್ವಿಟ್ಸರ್ಲೆಂಡಿಗೆ ಹೋಗಿ, 1909-10ರ ಚಳಿಗಾಲವನ್ನು ಆಲ್ಪ್ಸ್ ಬೆಟ್ಟಗಳ ದಕ್ಷಿಣದ ಒಂದು ಗುಡಿಸಲಿನಲ್ಲಿ ಕಳೆದು, ಚಳಿಯಿಂದ ಶ್ವಾಸಕೋಶದ ಬೇನೆಯನ್ನು ತಂದುಕೊಂಡರು. ಬಳಿಕ ಲೋಸಾನ್ ನಗರದಲ್ಲಿ ಒಬ್ಬ ಉಪಾಸಕರು ಕಟ್ಟಿಸಿಕೊಟ್ಟ ಮನೆಯಲ್ಲಿ ನೆಲಸಿ, 1910ರಲ್ಲಿ ಒಬ್ಬ ಜರ್ಮನ್ ತರುಣನಿಗೆ ಶ್ರಾಮಣೇರದೀಕ್ಷೆಯನ್ನಿತ್ತರು. ಯುರೋಪಿನ ನೆಲದ ಮೇಲೆ ಇಂಥ ದೀಕ್ಷೆ ನಡೆದುದು ಅದೇ ಮೊದಲು. ಆದರೂ ಮರುವರ್ಷವೇ ಅವರು ಸಿಂಹಳಕ್ಕೆ ಮರಳಿ, ದೊಡಂದೂವದ ಹಿನ್ನೀರಿನ ನಡುಗಡ್ಡೆಯೊಂದರಲ್ಲಿ ದ್ವೀಪಾಶ್ರಮವನ್ನು ಕಟ್ಟಿದರು. ಯುರೋಪು ಒದಗಿಸಲಾರದ ನಿತ್ಯದ ಅನ್ನವನ್ನು ಆ ಕೆರೆಯ ದಡದ ಬಡಹಳ್ಳಿಗರು ಒದಗಿಸಿದರು.

ಆ ಅನ್ನವೂ ನಿರಾತಂಕವಾಗಿ ದೊರೆಯಲಿಲ್ಲ. 1914ರಲ್ಲಿ ಯುದ್ಧವು ಒದಗಲು, ಬ್ರಿಟಿಷ್ ಸರ್ಕಾರವು ಜರ್ಮನ್ ಭಿಕ್ಷುಗಳನ್ನು ಶತ್ರುಪ್ರಜೆಗಳೆಂದು ಸೆರೆಹಿಡಿದು ಆಸ್ಟ್ರೇಲಿಯಕ್ಕೆ ಸಾಗಿಸಿತು. ಬಿಡುಗಡೆಯಾದ ಮೇಲೆ ಚೀನಾ ಜಪಾನುಗಳಲ್ಲಿ ಅಲೆದು, ಞಾಣತಿಲೋಕರು 1926ರಲ್ಲಷ್ಟೇ ಸಿಂಹಳವನ್ನು ಮರಳಿ ಸೇರಿದರು. 1939ರಲ್ಲಿ ಮತ್ತೆ ಸೆರೆ. ಈ ಸಲ ಕೊನೆಗೆ ಕಳುಹಿಸಿದ್ದು ಹಿಮಾಲಯದ ತಪ್ಪಲಿನ ಡೆಹ್ರಾಡೂನಿಗೆ. ಮುಳ್ಳುತಂತಿಯ ಬೇಲಿಯೊಳಗೆ ಅವರ ಶಿಷ್ಯ ಞಾಣಪೋನಿಕರು ಸುತ್ತನಿಪಾತವನ್ನು ಜರ್ಮನ್ ಭಾಷೆಗೆ ತಿರುಗಿಸಿದರು. ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಇವರನ್ನು ಹಿಟ್ಲರನ ಜರ್ಮನಿಯು ಹೊರದೂಡಿದ್ದಿತು. ಬ್ರಿಟಿಷರು ಜರ್ಮನನೆಂದು ಕೂಡಿಹಾಕಿದರು. ಗುರುಶಿಷ್ಯರು 1946ರಲ್ಲಿ ಬಿಡುಗಡೆ ಹೊಂದಿದರು. ಗುರುಗಳು 1957ರಲ್ಲಿ ಕೊಲಂಬಿನಲ್ಲಿ ತೀರಿಕೊಂಡರು. ಶಿಷ್ಯರು ಕ್ಯಾಂಡಿಯಲ್ಲಿ 1958ರಲ್ಲಿ ಸ್ಥಾಪಿತವಾದ ಬೌದ್ಧ ಪ್ರಕಾಶನಸಂಸ್ಥೆಯ ಮೂಲಕ ಜಗತ್ತಿಗೆಲ್ಲ ಪುಸ್ತಕಗಳನ್ನು ಕಳುಹಿಸಿದರು.

ನಡುವಣ ಕಾಲದಲ್ಲಿ ಕಟ್ಟಡಗಳು ಎದ್ದವು. ಡಾಲ್ಕೆ ಎಂಬ ವೈದ್ಯರು 1924ರಲ್ಲಿ ಬರ್ಲಿನ್ನಿನ ಹೊರವಲಯದಲ್ಲಿ ಒಂದು ಬೌದ್ಧಗೃಹವನ್ನು ಕಟ್ಟಿದರು. ಧರ್ಮಪಾಲರು 1926ರಲ್ಲಿ ಲಂಡನ್ನಿನಲ್ಲಿ ವಿಹಾರವನ್ನು ತೆರೆದರು. 1928ರಲ್ಲಿ ಅಲ್ಲಿಗೆ ಸಿಂಹಳದಿಂದ ಮೂವರು ಭಿಕ್ಷುಗಳು ಬಂದರು. ಎರಡನೆಯ ಮಹಾಯುದ್ಧದಲ್ಲಿ ಆ ವಿಹಾರವು ಮುಚ್ಚಿಹೋಗಿ, 1954ರಲ್ಲಿ ಮತ್ತೆ ತೆರೆಯಿತು. 1956ರಲ್ಲಿ, ಇಂಗ್ಲೆಂಡಿನವರದೇ ಆದ ಸಂಘವೊಂದನ್ನು ನೆಲೆಗೊಳಿಸುವ ಉದ್ದೇಶದಿಂದ ಆಂಗ್ಲ ಸಂಘನಿಧಿ ಎಂಬ ಧರ್ಮಸಂಸ್ಥೆಯು ಏರ್ಪಟ್ಟಿತು. ಅದು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಮನೆಯನ್ನು ಕೊಂಡಿತು. ಭಿಕ್ಷುಗಳು ಬಂದರು, ಕೆಲಕಾಲವಿದ್ದು ಹೋದರು. ಇಪ್ಪತ್ತು ವರ್ಷಗಳಾದರೂ ನಿಧಿಯಿದ್ದು ಸಂಘವಿಲ್ಲದ ಸ್ಥಿತಿಯೇ ಮುಂದುವರಿಯಿತು.

ಸಯಾಮಿನ ಈಶಾನ್ಯದ ಉಬೋನ್ ಪ್ರಾಂತದಲ್ಲಿ ಅಜಾನ್ ಚಾ ಎಂಬ ಥೇರರು 1954ರಲ್ಲಿ ಕಾಡಿನ ನಡುವೆ ವಿಹಾರವನ್ನು ಸ್ಥಾಪಿಸಿದ್ದರು. ಬೇಸಾಯಗಾರರ ಮಗನಾಗಿ ಹುಟ್ಟಿದ ಅವರು ವಿನಯದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಸರಳ. ಅಮೆರಿಕದ ನೌಕಾಪಡೆಯಲ್ಲಿ ಹಿಂದೆ ಸೇವೆ ಸಲ್ಲಿಸಿದ್ದ ಸುಮೇಧೋ ಎಂಬವರು 1967ರಲ್ಲಿ ಅವರ ಶಿಷ್ಯರಾದರು. ಇತರ ಪಾಶ್ಚಾತ್ಯರೂ ಹಿಂಬಾಲಿಸಿದರು. ಸಂಘನಿಧಿಯವರ ಕೋರಿಕೆಯ ಮೇಲೆ 1977ರಲ್ಲಿ ಅಜಾನ್ ಚಾ ಅವರು ಶಿಷ್ಯರೊಡನೆ ಲಂಡನ್ನಿಗೆ ಬಂದರು. ಹಿಂದಿರುಗುವಾಗ ಸುಮೇಧೋ ಮೊದಲಾದವರನ್ನು ಅಲ್ಲಿಯೇ ಉಳಿಸಿ, ಯಾರು ಕೊಡಲಿ ಬಿಡಲಿ, ದಿನವೂ ಬೆಳಗ್ಗೆ ಪಾತ್ರೆಯನ್ನು ಹಿಡಿದು ಪಿಂಡಪಾತಕ್ಕೆ ಹೊರಡಬೇಕೆಂದು ವಿಧಿಸಿದರು. ಕೊಡುವವರೇ ಇಲ್ಲದ ಊರಿನಲ್ಲಿ ಇದೊಂದು ಅರ್ಥವಿಲ್ಲದ ಆಚಾರವೆಂದು ಹಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೂ ಶಿಷ್ಯರು ಗುರುವಿನ ಮಾತನ್ನು ನಡೆಸಿದರು.

1978ರ ವಸಂತದ ಒಂದು ಬೆಳಗ್ಗೆ ಅವರು ಬರಿಯ ಪಾತ್ರೆಯೊಡನೆ ಹ್ಯಾಂಪ್‌ಸ್ಟೆಡ್ಡಿನ ಬಯಲಿನಲ್ಲಿ ನಡೆಯುತ್ತಿದ್ದಾಗ, ವ್ಯಾಯಾಮಕ್ಕಾಗಿ ಓಡುತ್ತಿದ್ದ ಒಬ್ಬ ಗೃಹಸ್ಥರು ಆ ವೇಷವನ್ನು ಕಂಡು ನಿಂತು ಮಾತನಾಡಿಸಿದರು. ಅವರು ಬೌದ್ಧರಲ್ಲ. ಪಶ್ಚಿಮ ಸಸೆಕ್ಸ್ ಸೀಮೆಯಲ್ಲಿ ಹಾಳುಬಿದ್ದ ಹ್ಯಾಮರ್‌ವುಡ್ ಎಂಬ ಕಾಡನ್ನು ಕೊಂಡು, ಅದನ್ನು ಮೊದಲಿನ ಸೊಬಗಿಗೆ ತರಬೇಕೆಂದು ಬಯಸಿ, ಆ ಕಾರ್ಯವು ಒಬ್ಬನಿಂದ ಆಗತಕ್ಕದ್ದಲ್ಲವೆಂದು ಕಂಡುಕೊಂಡಿದ್ದವರು. ಅರಣ್ಯವಾಸವೇ ಈ ಭಿಕ್ಷುಗಳ ಸಂಪ್ರದಾಯವೆಂದು ತಿಳಿದುಬಂದ ಮೇಲೆ, ಅವರು ಇಡೀ ಕಾಡನ್ನು ಸಂಘಕ್ಕೆ ಉಚಿತವಾಗಿ ಒಪ್ಪಿಸಿಬಿಟ್ಟರು. ಅಂದು ಬೆಳಗ್ಗೆ ಪಾತ್ರೆಗೆ ತುತ್ತು ಅನ್ನವೂ ಬೀಳಲಿಲ್ಲ. ಪಾತ್ರೆಯನ್ನು ಹಿಡಿದು ಹೊರಡದೆ ಇದ್ದಿದ್ದರೆ ಆ ಕಾಡೂ ದೊರೆಯುತ್ತಿರಲಿಲ್ಲ.

ಕಾಡಿನ ಸಮೀಪದಲ್ಲಿಯೇ ಚಿತ್‌ಹರ್ಸ್ಟ್ ಎಂಬಲ್ಲಿ ಒಂದು ಹಳೆಯ ಬಂಗಲೆಯು ಮಾರಾಟಕ್ಕಿದ್ದಿತು. ನಿಧಿಯವರು ಲಂಡನ್ನಿನ ಆಸ್ತಿಯನ್ನು ಮಾರಿ 1979ರಲ್ಲಿ ಅದನ್ನು ಕೊಂಡರು. ಮನೆಯು ಶಿಥಿಲವಾಗಿ ಮರಮುಟ್ಟುಗಳು ಲಡ್ಡುಹಿಡಿದಿದ್ದವು. ಅಂಗಳದಲ್ಲಿ ಮೂವತ್ತಕ್ಕೂ ಹೆಚ್ಚು ಹಳೆಯ ಮೋಟಾರುಗಾಡಿಗಳು ತುಕ್ಕುಹಿಡಿದು ಬಿದ್ದಿದ್ದವು. ಭಿಕ್ಷುಗಳೂ ಉಪಾಸಕರೂ ಕೂಡಿ ಅದನ್ನು ವಾಸಯೋಗ್ಯವಾಗಿ ಮಾಡಿದರು. ಆಂಗ್ಲರಂತೆಯೇ, ಇಂಗ್ಲೆಂಡಿನಲ್ಲಿ ನೆಲಸಿದ್ದ ಸಯಾಮೀಯ, ಸಿಂಹಳೀಯ ಕುಟುಂಬಗಳವರೂ ಅನ್ನವನ್ನು ಹೊತ್ತು ಬಂದರು. 1908ರಲ್ಲಿ ಇಲ್ಲದಿದ್ದ ಕೊಡುವ ಕೈಗಳು ಈಗ ಊರಿನಲ್ಲಿಯೇ ಇದ್ದವು. ಚಳಿಗೆ ಚೀವರದ ಒಳಗೆ ಉಣ್ಣೆಯ ಅಂಗಿಯೂ ತಲೆಗೆ ಕುಲಾವಿಯೂ ಬಂದವು. ಕೈಯಾರೆ ಕೊಟ್ಟುದನ್ನು ಮಾತ್ರ ಉಣ್ಣುವ ನಿಯಮವು ಇದ್ದಂತೆಯೇ ಉಳಿಯಿತು.

ಉಪಸಂಪದೆಯನ್ನು ಕೊಡಲು ವಿಧಿಪೂರ್ವಕವಾಗಿ ಗುರುತಿಸಿದ ಸೀಮೆ ಬೇಕು. 1981ರ ಜೂನ್ 3ರಂದು ಸಿಂಹಳದ ಹಿರಿಯ ವಿದ್ವಾಂಸರಾದ ಒಬ್ಬ ಮಹಾಥೇರರು ಚಿತ್‌ಹರ್ಸ್ಟಿನಲ್ಲಿ ಆ ಸೀಮೆಯನ್ನು ಪ್ರತಿಷ್ಠಿಸಿದರು. ಅವರ ಹೆಸರೂ ಆನಂದ ಮೈತ್ರೇಯರೆಂದೇ. ಅದೇ ವರ್ಷ ಸುಮೇಧೋ ಅವರ ಉಪಾಧ್ಯಾಯತ್ವದಲ್ಲಿ ಅಲ್ಲಿ ಹೊಸ ಭಿಕ್ಷುಗಳಿಗೆ ಉಪಸಂಪದೆಯಾಯಿತು. ಮೊದಲನೆಯ ಆನಂದ ಮೆತ್ತೇಯ್ಯರು ಬರಿಗೈಯಲ್ಲಿ ಲಂಡನ್ನನ್ನು ಬಿಟ್ಟು ಹೋಗಿ ಆಗ ಎಪ್ಪತ್ತಮೂರು ವರ್ಷಗಳಾಗಿದ್ದವು. 1984ರಲ್ಲಿ ಲಂಡನ್ನಿನ ಉತ್ತರಕ್ಕೆ ಅಮರಾವತಿಯೆಂಬ ದೊಡ್ಡ ವಿಹಾರವು ಏರ್ಪಟ್ಟಿತು. ಶಾಖೆಗಳು ಇಟಲಿ, ಸ್ವಿಟ್ಸರ್ಲೆಂಡ್, ಅಮೆರಿಕ, ನ್ಯೂಜಿಲೆಂಡುಗಳಿಗೂ ಹರಡಿದವು.

ಇದರೊಡನೆ ಇನ್ನೊಂದು ಧಾರೆಯೂ ಹರಿಯಿತು. ಬ್ರಹ್ಮದೇಶದ ಮಹಾಸಿ ಸಯಾಡೋ ಅವರಿಂದಲೂ, ಮಾಂಡಲೆಯಲ್ಲಿ ಹುಟ್ಟಿ 1969ರಿಂದ ಭಾರತದಲ್ಲಿ ಬೋಧಿಸಿದ ಗೋಯೆಂಕಾ ಅವರಿಂದಲೂ ವಿಪಶ್ಯನಾಧ್ಯಾನವನ್ನು ಕಲಿತ ಗೃಹಸ್ಥರು ಭಿಕ್ಷುಗಳ ಹಂಗಿಲ್ಲದೆಯೇ ಪಶ್ಚಿಮದಲ್ಲೆಲ್ಲ ಧ್ಯಾನಕೇಂದ್ರಗಳನ್ನು ತೆರೆದರು. ಸಂಖ್ಯೆಯಲ್ಲಿ ಈ ಧಾರೆಯೇ ಹಿರಿದು. ಆದರೂ ಗೋಯೆಂಕಾ ಅವರ ಶಿಬಿರಗಳಲ್ಲಿ ಶುಲ್ಕವಿಲ್ಲ; ಹಿಂದೆ ಕಲಿತವರ ದಾನದಿಂದಲೇ ಮುಂದೆ ಕಲಿಯುವವರ ಅನ್ನ ನಡೆಯುತ್ತದೆ. ಭಿಕ್ಷುವನ್ನು ಬಿಟ್ಟ ಕಡೆಯಲ್ಲಿಯೂ ದಾನವನ್ನು ಬಿಡಲಾಗಲಿಲ್ಲ.

ಸಂಘವು ನೆಲೆನಿಂತಿತೆಂದ ಮಾತ್ರಕ್ಕೆ ಪ್ರಶ್ನೆಗಳೆಲ್ಲ ತೀರಿದವೆಂದಲ್ಲ. ಥೇರವಾದದಲ್ಲಿ ಭಿಕ್ಷುಣೀಪರಂಪರೆಯು ಶತಮಾನಗಳ ಹಿಂದೆಯೇ ಕಡಿದುಹೋಗಿದ್ದಿತು. ಚಿತ್‌ಹರ್ಸ್ಟಿನಲ್ಲಿ 1983ರಲ್ಲಿ ಸ್ತ್ರೀಯರಿಗೆ ದಶಶೀಲದ ದೀಕ್ಷೆಯೊಂದು ಏರ್ಪಟ್ಟಿತು, ಪೂರ್ಣದೀಕ್ಷೆಯು ದೊರೆಯಲಿಲ್ಲ. 2009ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಬಳಿ ಅಜಾನ್ ಚಾ ಅವರ ಶಿಷ್ಯರ ಸಹಾಯದಿಂದಲೇ ನಾಲ್ವರು ಸ್ತ್ರೀಯರಿಗೆ ಭಿಕ್ಷುಣೀದೀಕ್ಷೆಯಾದಾಗ, ಮೂಲವಿಹಾರವು ಆ ಶಾಖೆಯೊಡನೆ ಸಂಬಂಧವನ್ನು ಕಡಿದುಕೊಂಡಿತು. ನೆಲಕ್ಕೆ ತಕ್ಕಂತೆ ಸಡಿಲಿಸಬಹುದಾದುದು ಯಾವುದು, ಬಿಡಬಾರದುದು ಯಾವುದು ಎಂಬ ಮಹಾಕಚ್ಚಾನನ ಕಾಲದ ಪ್ರಶ್ನೆಯು ಹೊಸ ನೆಲದಲ್ಲಿ ಹೊಸದಾಗಿ ಎದ್ದು ನಿಂತಿದೆ.

ಒಂದು ಧರ್ಮವು ಮತ್ತೊಂದು ದೇಶವನ್ನು ಸೇರಿತೆಂದು ಯಾವಾಗ ಹೇಳಬಹುದು? ಗ್ರಂಥಗಳ ಮುದ್ರಣವನ್ನು ನೋಡಿದರೆ 1881 ಎನ್ನಬೇಕು. ಭಿಕ್ಷುವಿನ ಆಗಮನವನ್ನು ನೋಡಿದರೆ 1908 ಎನ್ನಬೇಕು. ಆದರೆ ಥೇರವಾದದ ಸ್ವಂತ ಅಳತೆಯು ಬೇರೆ. ಸಿಂಹಳದ ಹಳ್ಳಿಗರು ಎಷ್ಟೋ ತಲೆಮಾರುಗಳಿಂದ ಮಾಡಿಕೊಂಡು ಬಂದಂತೆ, ಪರದೇಶದ ಒಬ್ಬ ಗೃಹಿಣಿಯು ಬೆಳಗ್ಗೆ ಎದ್ದು ಒಬ್ಬರಿಗೆ ಹೆಚ್ಚಾಗಿ ಅನ್ನವನ್ನು ಬೇಯಿಸಿ, ಅದನ್ನು ಮೌನವಾಗಿ ನಿಂತ ಭಿಕ್ಷುವಿನ ಪಾತ್ರೆಗೆ ಹಾಕಿದ ದಿನವೇ ಆ ಧರ್ಮವು ಅಲ್ಲಿಗೆ ಸೇರಿದ ದಿನ. ಆ ದಿನದ ತಾರೀಖನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವಷ್ಟು ದೊಡ್ಡ ಸಂಗತಿಯೆಂದು ಆಕೆಗೆ ತೋರಿಯೂ ಇರಲಾರದು.